ಮರದ ಕಡೆಗೆ ಮುಖ ಮಾಡಿದ ಹಾಳೆ

ಥರ್ಸ್ಟನ್ ಸತ್ತು ಇಂದಿಗೆ ನಲವತ್ತು ದಿನ. ನಾರ್ವಿಚ್‌ನಲ್ಲಿ ಪುಸ್ತಕ ನಕಲು ಮಾಡುವವರ ನಮ್ಮ ಬೀದಿಯಲ್ಲಿ ಅವನಷ್ಟು ದುಂಡಗೆ ಬರೆಯುವವರು ಇರಲಿಲ್ಲ. ಮೂವತ್ತು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತು ಬರೆದವನು ನಾನು.

ಪ್ರೇಮದ ಹಾಡು ಬರೆಸಲು ಹುಡುಗರು ಅವನ ಹತ್ತಿರವೇ ಬರುತ್ತಿದ್ದರು. "ಹುಡುಗಿ ಕಣ್ಣು ಯಾವ ಬಣ್ಣನೋ?" ಎಂದು ಕೇಳುವನು.

"ಗೊತ್ತಿಲ್ಲಣ್ಣ."

"ಕಣ್ಣೇ ನೋಡಿಲ್ಲ, ಪ್ರಾಣ ಹೋಗ್ತಿದೆಯಂತೆ. ಬೂದು ಅಂತ ಬರೀತೀನಿ ಬಿಡು, ಎಲ್ಲರಿಗೂ ಹೊಂದುತ್ತೆ."

ತನಗಾಗಿ ಬರೆದದ್ದು ಒಂದೇ ಹಾಡು. ಅದರಲ್ಲಿ ಕಣ್ಣು ಕಂದು. ಗಡ್ಡವಿತ್ತು, ದೋಣಿಯ ಡಾಂಬರು ಮೆತ್ತಿದ ಅಂಗೈಗಳಿದ್ದವು, ಆ ಅಂಗೈಗಳಡಿ ಮಲಗುವ ಆಸೆ ಮುಚ್ಚುಮರೆಯಿಲ್ಲದೆ ಇತ್ತು. ಕೊನೆಯ ಸಾಲಿನಲ್ಲಿ ಅಂಬಿಗ ಹೇಮೊನ ಹೆಸರು.

ಕೊನೆಯ ಬೆಳಗ್ಗೆ ಜ್ವರದಲ್ಲೇ ನನ್ನ ತೋಳು ಹಿಡಿದ. "ವೈಮಂಡ್, ಅದು ಪೆಟ್ಟಿಗೇಲಿದೆ. ತೊಗಲ ಮೇಲಿನ ಅಕ್ಷರ ಕೆರೆದು ಹಾಕೋಣ ಅಂತ ಎಷ್ಟು ಸಲ ಚಾಕು ತಗೊಂಡೆನೋ, ಮನಸ್ಸು ಬರಲಿಲ್ಲ. ನೀನು ಸುಟ್ಟುಬಿಡು. ನಾನಂತೂ ಹೋಗ್ತೀನಿ. ಅವನು ಇಲ್ಲೇ ಬಾಳಬೇಕಲ್ಲ."

ಸಾವಿನ ಗಂಟೆ ಹೊಡೆಸಿ ಬರುವಷ್ಟರಲ್ಲಿ ಪೆಟ್ಟಿಗೆ ಇರಲಿಲ್ಲ. ಸತ್ತವನ ಮನೆಯಿಂದ ಒಂದು ಒಳ್ಳೆಯ ವಸ್ತು ಪಾದ್ರಿಗಳಿಗೆ ಸಲ್ಲಬೇಕು. ಬೇರೆಯವರ ಮನೆಯಲ್ಲಾದರೆ ಹಸುವೋ ಕಂಬಳಿಯೋ. ಥರ್ಸ್ಟನ್‌ಗೆ ಇದ್ದದ್ದು ತೊಗಲ ಹಾಳೆಗಳ ಆ ಪೆಟ್ಟಿಗೆ. ಹುಟ್ಟಿದಾಗಿನಿಂದ ಈ ಪದ್ಧತಿ ಕಂಡ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಕಳೆದ ವರ್ಷ ಇಂಥದೇ ಪ್ರೀತಿಗಾಗಿ ಒಬ್ಬನನ್ನು ಬರಿಗಾಲಲ್ಲಿ ಸಂತೆ ಸುತ್ತಿಸಿ ಊರು ಬಿಡಿಸಿದ್ದರು. ಮೂರು ವಾರ ಪಾದ್ರಿ ಗಿಲ್ಬರ್ಟರ ಮುಖವನ್ನೇ ಓದುತ್ತ ಕಳೆದೆ. ಕೊನೆಗೆ ಅವರೇ ಹೇಳಿದರು: "ನಿನ್ನ ಗೆಳೆಯನ ಹಾಳೆಗಳನ್ನ ಇಡೋನಿಯಾಗೆ ಕಳಿಸಿದೆ ಕಣಯ್ಯ, ಹೊಸ ಪೂಜಾ ಪುಸ್ತಕದ ಮರದ ರಟ್ಟಿಗೆ ಒಳಗಿಂದ ಅಂಟಿಸೋಕೆ. ನಾನು ಬಿಚ್ಚಿಯೂ ನೋಡಲಿಲ್ಲ."

ಇಡೋನಿಯಾ ಪುಸ್ತಕ ಕಟ್ಟುವ ವಿಧವೆ. ಓಡಿದೆ.

"ಅಕ್ಕಾ, ಆ ಹಾಳೆಗಳು?"

"ಅಂಟಿಸಿ ಆಯ್ತು."

"ಏನಾದ್ರೂ ಓದಿದ್ರಾ?"

"ಹೆಂಗಸಿಗೆ ಓದೋಕೆ ಬರಲ್ಲ ಅಂತ ಪಾದ್ರಿಗಳು ತಿಳ್ಕೊಂಡಿದ್ದಾರೆ. ನೀನೂ ಹಾಗೇ ತಿಳ್ಕೊ." ಕುಂಚ ನಿಲ್ಲಿಸಲಿಲ್ಲ. "ಒಂದು ಹಾಳೆ ಮಾತ್ರ, ಬರೆದ ಮುಖ ಮರದ ಕಡೆಗೆ ಹಾಕಿ, ಮೇಲೆ ಇನ್ನೊಂದು ಮೆತ್ತಿದೆ. ಮೇಲಿನ ಹಲಗೇಲಿ. ಹಲಗೆ ಸೀಳಿದರೂ ಅದು ಬಿಡಲ್ಲ. ಹಾಡು ಚೆನ್ನಾಗಿತ್ತಯ್ಯ. ಇಪ್ಪತ್ತು ವರ್ಷದಲ್ಲಿ ನನ್ನ ಗಂಡ ನನ್ನ ಕೈ ಬಗ್ಗೆ ಒಂದು ಮಾತಾಡಲಿಲ್ಲ."

ಪಕ್ಕದ ಮಣೆಯ ಮೇಲೆ ಕೂರಲು ಹೋದೆ.

"ಅಲ್ಲಿ ಕೂರಬೇಡ, ಅಂಟು ಚೆಲ್ಲಿದೆ. ನಿನ್ನನ್ನೂ ಹೊಲಿದು ಕಟ್ಟಬೇಕಾಗುತ್ತೆ."

ಬಹಳ ದಿನದ ಮೇಲೆ ನಕ್ಕೆ, ಅಳುವೂ ಬಂತು.

ದಡದಲ್ಲಿ ಹೇಮೊನಿಗೆ ಎಲ್ಲ ಹೇಳಿದೆ. ಅವನು ಹಗ್ಗ ಸುತ್ತುತ್ತಲೇ ಇದ್ದ. "ನನ್ನ ಹೆಸರಿದೆಯಾ ಅದರಲ್ಲಿ?"

"ಇದೆ."

"ಯಾವ ಹಲಗೆ ಅಂದೆ?"

ಕಳೆದ ಭಾನುವಾರ ಅಂಬಿಗರ ಸಂಘದವರು ಹೊಸ ಪೂಜಾ ಪುಸ್ತಕ ಮುಟ್ಟಿ ಆಣೆ ಮಾಡುವುದಿತ್ತು. ಉಳಿದವರೆಲ್ಲ ಬೆರಳ ತುದಿ ಮುಟ್ಟಿಸಿ ಸರಿದರು. ಹೇಮೊ ಇಡೀ ಅಂಗೈಯನ್ನು ಮೇಲಿನ ಹಲಗೆಗೆ ಒತ್ತಿದ. ಆಣೆಯ ಮಾತು ಮುಗಿದ ಮೇಲೂ ತೆಗೆಯಲಿಲ್ಲ.

"ಸಾಕಪ್ಪ ಹೇಮೊ," ಎಂದರು ಪಾದ್ರಿಗಳು, "ಹಿಂದೆ ಜನ ಕಾಯ್ತಿದ್ದಾರೆ."