ಏರಿನಲ್ಲಿ ಮಾತು ನಿಲ್ಲಿಸಿದ ಡ್ರಿಲ್ ಮೇಷ್ಟ್ರು

ಆಸ್ಪತ್ರೆಯಿಂದ ಹೊರಡುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದರಲ್ಲಿ ಮೂರು ಕೊಳವೆ, ಮೂರು ಚೆಂಡು. ಪೈಪು ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಚೆಂಡುಗಳು ಮೇಲೇಳಬೇಕು. ನ್ಯುಮೋನಿಯಾ ಆಗಿ ಕೊಪ್ಪದಲ್ಲಿ ಒಂಬತ್ತು ದಿನ ಮಲಗಿ ಬಂದ ನನಗೆ ಮೊದಲನೆಯ ಚೆಂಡು ಏಳುತ್ತದೆ. ಎರಡನೆಯದು ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ. ಮೂರನೆಯದಕ್ಕೆ ನನ್ನ ಪರಿಚಯವೇ ಇಲ್ಲ. ಹತ್ತು ಸಲ ಎಳೆಯುವಷ್ಟರಲ್ಲಿ ಗದ್ದೆ ಅಗೆದವನ ಹಾಗೆ ಬೆವರುತ್ತೇನೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ಈಗ ಬೆಳಿಗ್ಗೆ ಎದ್ದು ಉಸಿರು ಎಣಿಸುತ್ತ ಕೂತಿದ್ದೇನೆ. ನಿಜಕ್ಕೂ ಸಾಕಾಗಿ ಹೋಗಿದೆ.

ಮೊನ್ನೆ ಹೀಗೇ ಎಳೆದು ಏದುಸಿರು ಬಿಡುತ್ತಿದ್ದಾಗ ಹೆಂಡತಿ ಒಳಗಿನಿಂದ, "ಕಾಫಿ ಈಗ ತರ್ಲಾ, ಆಮೇಲಾ?" ಎಂದಳು. ಕೇಳಿಸಿತು. ಉತ್ತರ ಹೇಳಲು ಉಸಿರಿರಲಿಲ್ಲ. ಮತ್ತೊಮ್ಮೆ ಕೇಳಿದಳು. ಆಮೇಲೆ ಬಾಗಿಲಿಗೇ ಬಂದು, "ಒಂದು ಮಾತು ಆಡ್ಲಿಕ್ಕೆ ಎಂತ ಕಷ್ಟ ನಿಮ್ಗೆ?" ಎಂದು ಸಿಡುಕಿದಳು. ಆಗ ನೆನಪಾದರು, ನಮ್ಮ ಡ್ರಿಲ್ ಮೇಷ್ಟ್ರು...

ಅವರೂ ನಾನೂ ಸೀತೂರಿನಾಚೆ ಒಂದು ಹೈಸ್ಕೂಲಿನಲ್ಲಿದ್ದೆವು. ಬಸ್ಸು ನಮ್ಮನ್ನು ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಶಾಲೆಗೆ ಒಂದು ಮೈಲಿ ಏರು. ಹನ್ನೊಂದು ವರ್ಷ ಆ ಏರನ್ನು ಜೊತೆಯಾಗಿ ಹತ್ತಿದೆವು. ನಾನು ದಮ್ಮು ಕಟ್ಟಿಕೊಂಡು ನಡೆದರೆ ಅವರು ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಯಾವ ಹುಡುಗನ ಮೊಣಕಾಲು ಊದಿದೆ, ಶೃಂಗೇರಿಯ ಭಾವನ ಮನೆಯಲ್ಲಿ ನಾಯಿ ಎಷ್ಟು ಮರಿ ಹಾಕಿದೆ, ಎಲ್ಲವೂ ಬರುತ್ತಿತ್ತು. ಅವರ ಬಾಯಿಗೂ ಕಾಲಿಗೂ ಬೇರೆ ಬೇರೆ ಇಂಜಿನ್ ಇರಬೇಕೆಂದು ನಾನು ಕೀಟಲೆ ಮಾಡುತ್ತಿದ್ದೆ.

ಮಕ್ಕಳಿಗೆ ಅವರು ಹೇಳಿಕೊಡುತ್ತಿದ್ದದ್ದು ನನ್ನ ಕ್ಲಾಸಿನ ಕಿಟಕಿಗೆ ಕೇಳಿಸುತ್ತಿತ್ತು. "ಓಡುವಾಗ ಪಕ್ಕದವ್ನ ಹತ್ರ ಮಾತಾಡ್ಲಿಕ್ಕೆ ಆಗ್ಬೇಕು. ಆಗ್ಲಿಲ್ವಾ, ನಿಧಾನ ಮಾಡಿ. ಉಸಿರು ಸಾಲ್ದೆ ಹೋದ್ರೆ ಮೈ ಮೊದ್ಲು ಬಿಡೋದು ಮಾತನ್ನ." ವರ್ಷವರ್ಷವೂ ಇದೇ ಪಾಠ. ನನಗೂ ಬಾಯಿಪಾಠವಾಗಿತ್ತು.

ಒಂದು ವರ್ಷ ಹತ್ತನೆಯ ತರಗತಿಯ ಗಣಿತದ ಫಲಿತಾಂಶ ನೆಲ ಕಚ್ಚಿತು. ಟೈಮ್‌ಟೇಬಲ್ ಬರೆಯುವವನು ನಾನೇ. ಮರುವರ್ಷ ಆ ತರಗತಿಯ ಡ್ರಿಲ್ ಪೀರಿಯಡ್ಡುಗಳನ್ನೆಲ್ಲ ನಾನು ತೆಗೆದುಕೊಂಡೆ. ಅವರು ಸ್ಟಾಫ್ ರೂಮಿಗೆ ಬಂದು, "ಮಕ್ಳು ಸ್ವಲ್ಪ ಉಸಿರಾಡೋದು ಬೇಡ್ವಾ ಮಾರಾಯ್ರೆ?" ಎಂದು ಕೇಳಿದರು. "ಪರೀಕ್ಷೇಲಿ ಓಟ ಕೇಳೋದಿಲ್ಲ ಮೇಷ್ಟ್ರೆ" ಎಂದೆ ನಾನು. ಎಲ್ಲರೂ ನಕ್ಕರು. ಅವರೂ ನಕ್ಕು ಹೊರಗೆ ಹೋದರು.

ಅದಾದ ಮೇಲೆ ಏರಿನಲ್ಲಿ ಮಾತು ಕಡಿಮೆಯಾಯಿತು. ಮೊದಮೊದಲು ನಾನು ಏನಾದರೂ ಹೇಳಿದರೆ "ಹೂಂ" ಎನ್ನುತ್ತಿದ್ದರು. ಆಮೇಲೆ ಅದೂ ಇಲ್ಲ. ತಿರುವಿನಲ್ಲಿ ನಿಂತು ಶೂ ಲೇಸು ಕಟ್ಟಲು ಬಗ್ಗುತ್ತಿದ್ದರು. ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನನ್ನ ಜೊತೆ ಬರಲು ಮನಸ್ಸಿಲ್ಲ, ಅದಕ್ಕೇ ಈ ನಾಟಕ ಎಂದುಕೊಂಡೆ. ನಾಲ್ಕು ಪೀರಿಯಡ್ಡಿಗೆ ಇಷ್ಟೊಂದು ಸಿಟ್ಟೇ ಎಂದು ನನಗೂ ಸಿಟ್ಟು ಬಂತು.

ಆ ವರ್ಷವೇ ಎನ್.ಆರ್.ಪುರದಲ್ಲಿ ನಮ್ಮ ಹೊಸ ಮನೆಯ ಒಕ್ಕಲು. ಅವರು ಬಂದರು. ಎಲೆಯ ಮುಂದೆ ಕೂತು ನಾಲ್ಕು ತುತ್ತು ತಿಂದು ಕೈ ನಿಲ್ಲಿಸಿದರು. ಪಂಕ್ತಿಯಲ್ಲಿ ಸಾರಿನ ಅನ್ನ ಮುಗಿಯುವ ಮೊದಲೇ ಎದ್ದು ಹೋದರು. ಕರೆದು ಬಡಿಸಿದವರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಹೆಂಡತಿ ಆ ಎಲೆಯನ್ನೇ ನೋಡುತ್ತ, "ನಮ್ಮನೆ ಅನ್ನ ಗಂಟಲಲ್ಲಿ ಇಳೀಲಿಲ್ವಂತಾ ಅವ್ರಿಗೆ?" ಎಂದಳು. ಅವರು ಬಡಕಲಾಗುತ್ತಿದ್ದದ್ದನ್ನು ಎಲ್ಲರೂ ನೋಡಿದ್ದೆವು. ಶುಗರ್ ಇರಬಹುದು ಎಂದರು ಕೆಲವರು. ಸಿಟ್ಟಿಗೆ ಸೊರಗಿದ್ದಾರೆ ಎಂದು ನಾನು ತಮಾಷೆ ಮಾಡಿದೆ.

ಮರುದಿನದಿಂದ ಬಸ್ಸಿಳಿದು ನಾನು ಮುಂದೆ ಮುಂದೆ ನಡೆಯತೊಡಗಿದೆ.

ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ನಾನು ತಿರುವು ದಾಟಿದ್ದೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು, ಎರಡು ಸಲ. ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಲು ಅವರು ಹಾಗೆ ತಟ್ಟುತ್ತಿದ್ದರು. ಇಷ್ಟು ತಿಂಗಳು ಮಾತಿಲ್ಲ, ಈಗ ಹುಡುಗರನ್ನು ಕರೆದ ಹಾಗೆ ಕರೆಯುತ್ತಾರಲ್ಲ ಎಂದು ಮೈ ಉರಿಯಿತು. ತಿರುಗಿ ನೋಡಲಿಲ್ಲ. ಮತ್ತೆ ಎರಡು ಸಲ ಕೇಳಿಸಿತು, ಮೊದಲಿಗಿಂತ ನಿಧಾನವಾಗಿ... ಶಾಲೆಗೆ ಹೋಗಿ ಹಾಜರಿಗೆ ಸಹಿ ಹಾಕಿದೆ.

ಮೊದಲ ಪೀರಿಯಡ್ ಮುಗಿದರೂ ಅವರು ಬರಲಿಲ್ಲ. ಜವಾನ ಹೋಗಿ ನೋಡಿದರೆ ತಿರುವಿನಲ್ಲಿ ದರೆಯ ಮಣ್ಣಿಗೆ ಒರಗಿ ಕೂತಿದ್ದರಂತೆ, ತುಟಿ ನೀಲಿಯಾಗಿತ್ತಂತೆ. ಯಾರದೋ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವರಲ್ಲ. ನಾನು ನೋಡಲು ಹೋದಾಗ ಅವರ ಹೆಂಡತಿ ವಿವರಿಸಿದರು. "ಉಸಿರೆಳೆಯೋದೇ ಇವ್ರಿಗೆ ದಿನವಿಡೀ ಗುಡ್ಡ ಹತ್ತಿದ ಹಾಗಂತೆ ಮೇಷ್ಟ್ರೆ. ತಿಂದದ್ದೆಲ್ಲ ಅದಕ್ಕೇ ಖರ್ಚಾಗ್ತದಂತೆ, ಮೈಗೆ ಎಂತದೂ ಉಳಿಯೋದಿಲ್ಲ. ಊಟಕ್ಕೆ ಕೂತ್ರೂ ನುಂಗ್ಲಾ, ಉಸಿರಾಡ್ಲಾ ಅಂತ ಒದ್ದಾಟ. ಡ್ರಿಲ್ ಮೇಷ್ಟ್ರಿಗೇ ದಮ್ಮು ಅಂದ್ರೆ ನಗ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ." ನಮ್ಮ ಮನೆಯ ಆ ಎಲೆ ಕಣ್ಣ ಮುಂದೆ ಬಂತು. ಮಂಚದ ಹತ್ತಿರ ಹೋದೆ.

ಮೇಷ್ಟ್ರ ಮೂಗಿಗೆ ಆಕ್ಸಿಜನ್ ಪೈಪು ಹಾಕಿದ್ದರು. ನನ್ನನ್ನು ನೋಡಿ ಮಂಚದ ಅಂಚನ್ನು ತಟ್ಟಿ ಕೂರಿಸಿಕೊಂಡರು.

"ಆವತ್ತು... ಕೂಗ್ಲಿಕ್ಕೆ ಆಗ್ಲಿಲ್ಲ. ಚಪ್ಪಾಳೆ ತಟ್ದೆ... ಕೇಳ್ಲಿಲ್ವಾ ಮಾರಾಯ್ರೆ?"

"ಇಲ್ಲ ಮೇಷ್ಟ್ರೆ" ಎಂದೆ.

ಅವರ ಮುಖದಲ್ಲಿ ಏನೋ ಸಡಿಲಾಯಿತು. "ಹಾಗೇ... ಅಂದ್ಕೊಂಡೆ" ಎಂದು ಕಣ್ಣು ಮುಚ್ಚಿದರು. ಆ ಬೇಸಿಗೆ ರಜೆ ಮುಗಿಯುವ ಮೊದಲೇ ತೀರಿಕೊಂಡರು. ಜೂನ್‌ನಲ್ಲಿ ನಾನೊಬ್ಬನೇ ಏರು ಹತ್ತಿದೆ. ಸುಳ್ಳು ಹೇಳಿದ್ದು ಅವರ ಸಮಾಧಾನಕ್ಕೆ ಎಂದು ತುಂಬ ವರ್ಷ ನನ್ನನ್ನೇ ನಂಬಿಸಿಕೊಂಡಿದ್ದೆ. ಅಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳುವುದಕ್ಕೆ. ಅಂಥ ಜೊತೆ ಆಮೇಲೆ ನನಗೆ ಸಿಗಲಿಲ್ಲ. ಸಿಗಬೇಕೆಂದು ಕೇಳುವ ಮುಖವೂ ಇಲ್ಲ.

ನಿನ್ನೆ ಔಷಧಿಗೆಂದು ಎನ್.ಆರ್.ಪುರದ ಮೆಡಿಕಲ್ ಶಾಪಿಗೆ ಹೋದಾಗ ಅವರ ಹೆಂಡತಿ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಕಾಯಿಲೆಯ ವಿಷಯ ಅವರಿಗೂ ಗೊತ್ತಾಗಿತ್ತು.

"ಒಬ್ರೇ ನಡೀಬೇಡಿ ಮೇಷ್ಟ್ರೆ, ಯಾರಾದ್ರೂ ಜೊತೆಗಿರ್ಲಿ" ಎಂದರು. "ಆ ಏರಲ್ಲಿ ಇವ್ರಿಗೆ ನೀವಿದ್ರಿ. ನಂಗೆ ಅದೊಂದು ಧೈರ್ಯ ಇತ್ತು."

ಇವತ್ತಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ನನಗೆ ಉಸಿರು ಸಾಲುತ್ತಿಲ್ಲ ಎಂದುಕೊಂಡು ಅವರು ಗಾಬರಿಯಾಗಿ, ಅಂಗಡಿಯವನ ಹತ್ತಿರ ಸ್ಟೂಲು ಕೇಳಿ ತಂದು ನನ್ನನ್ನು ಕೂರಿಸಿ, ಬೆನ್ನು ಸವರುತ್ತ ನಿಂತರು.