ಹಸಿರು ಬೊಟ್ಟಿನ ಪಂಪು

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು ಎಂದರೆ ಕಡಿಮೆ ಹೇಳಿದಂತೆ. ಕೋಪ ಅವಳಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಎದುರಿಗೆ ಎಲ್ಲರೂ 'ಅಕ್ಕ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಸಿಡಿಮಿಡಿ'. ವಯಸ್ಸು ಐವತ್ತೆರಡು. ಅಪ್ಪ ಬಿಟ್ಟುಹೋದ ಪಂಪಿನ ಅಂಗಡಿಯಲ್ಲಿ ಮುಂಭಾಗ ಅಣ್ಣನದು, ಹಿಂಭಾಗ ಇವಳದು. ಮುಂದೆ ಅಣ್ಣ ನಗುನಗುತ್ತಾ ಮಾರುತ್ತಿದ್ದ, ಹಿಂದೆ ಇವಳು ಬೈಯುತ್ತಾ ರಿಪೇರಿ ಮಾಡುತ್ತಿದ್ದಳು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಕೊಳಕ್ಕೋ ಕಾರಂಜಿಗೋ ಪಂಪು ಬೇಕು ಎಂದು ಬಂದವರನ್ನು ಅಣ್ಣ ತಾನೇ ಸಾಗಹಾಕುವಂತಿಲ್ಲ, ಹಿಂಭಾಗಕ್ಕೆ ಇವಳ ಹತ್ತಿರ ಕಳಿಸಬೇಕು. ಇದು ಅಪ್ಪನ ಕಾಲದ ಕಟ್ಟಳೆ. ಮನೆಯ ಟ್ಯಾಂಕಿಗೆ ನೀರೇರಿಸುವ ಪಂಪು ಅರ್ಧ ಗಂಟೆ ದುಡಿದು ಮಲಗಿಬಿಡುತ್ತದೆ. ಕಾರಂಜಿಯ ಪಂಪಿಗೆ ಹಗಲಿಲ್ಲ, ರಾತ್ರಿಯಿಲ್ಲ, ಭಾನುವಾರವೂ ಇಲ್ಲ. ಬಂದವರನ್ನು ಅವಳು ಕಳ್ಳರನ್ನು ಹಿಡಿದು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದಳು. ದಿನಕ್ಕೆ ಎಷ್ಟು ಗಂಟೆ ಓಡಬೇಕು? ನೀರು ಎಷ್ಟು ಆಳ? ಮೀನಿದೆಯಾ? ಮರದ ಎಲೆ ಬೀಳುತ್ತಾ?

"ಡಬ್ಬದ ಮೇಲೆ ಆರು ಮೀಟರ್ ಎತ್ತರ ಅಂತಿದೆಯಲ್ಲ ಅಕ್ಕ. ನಮಗೆ ಐದು ಬಂದ್ರೂ ಸಾಕು" ಎಂದು ಯಾರಾದರೂ ಅಂದರೋ, ಅವರ ಕತೆ ಮುಗಿಯಿತು.

"ಆರು ಮೀಟರ್ ಅಂದ್ರೆ ನೀರು ಅಲ್ಲಿಗೆ ಹೋಗಿ ನಿಂತುಬಿಡುತ್ತೆ ಅಂತ ಅರ್ಥ. ಅಲ್ಲಿಂದ ಒಂದು ಹನಿನೂ ಆಚೆ ಬೀಳಲ್ಲ. ಐದಕ್ಕೆ ಬರೋದು ಮೂಗು ಸೋರಿದ ಹಾಗೆ ಬರುತ್ತೆ. ಅಷ್ಟಕ್ಕೆ ಕಾರಂಜಿ ಯಾಕ್ರೀ, ನಲ್ಲಿ ಸಾಲದಾ?"

ಬೈಸಿಕೊಂಡವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಯಾಕೆಂದರೆ ಅವಳು ಆರಿಸಿಕೊಟ್ಟ ಪಂಪು ವರ್ಷಗಟ್ಟಲೆ ಓಡುತ್ತಿತ್ತು. ಕೊಡುವ ಮೊದಲು ಅದನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮೂರು ದಿನ ಬಿಡದೆ ಓಡಿಸುತ್ತಿದ್ದಳು. ಹೊತ್ತುಹೊತ್ತಿಗೆ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಅದರ ಹೊಟ್ಟೆಯೊಳಗಿನ ಸದ್ದು ಕೇಳುತ್ತಿದ್ದಳು. ಮೂರನೆಯ ದಿನ ಮನಸ್ಸಿಗೆ ಒಪ್ಪಿದರೆ ಬೋಲ್ಟಿನ ತಲೆಯ ಮೇಲೆ ಒಂದು ಹಸಿರು ಬಣ್ಣದ ಬೊಟ್ಟು ಇಡುತ್ತಿದ್ದಳು. ಒಪ್ಪದಿದ್ದರೆ ಅಣ್ಣನಿಗೆ ಅರ್ಚನೆ. ಊರಿನಲ್ಲಿ ಜನ ಕಂಪನಿಯ ಹೆಸರು ಕೇಳುವುದನ್ನೇ ಬಿಟ್ಟಿದ್ದರು, 'ಹಸಿರು ಬೊಟ್ಟಿನದು ಕೊಡಿ' ಎನ್ನುತ್ತಿದ್ದರು. ಮದುವೆ, ಮಕ್ಕಳು, ಮನೆ ಯಾವುದನ್ನೂ ಕಟ್ಟಿಕೊಳ್ಳದ ಅವಳಿಗೆ ಗಳಿಕೆ ಅಂತ ಇದ್ದದ್ದು ಆ ಬೊಟ್ಟು ಒಂದೇ.

ಆವತ್ತು ಬೆಳಿಗ್ಗೆ ಕಣ್ಣು ಕಾಣದ ಮಕ್ಕಳ ಶಾಲೆಯ ವಾಚ್‌ಮನ್ ಹಿಂದಿನ ಬಾಗಿಲಿಗೆ ಬಂದು, ಗೋಣಿಚೀಲದಲ್ಲಿದ್ದ ಪಂಪನ್ನು ಅವಳ ಮೇಜಿನ ಮೇಲೆ ಇಟ್ಟ. ಸುಟ್ಟ ವಾಸನೆ ಚೀಲದಿಂದಲೇ ಬರುತ್ತಿತ್ತು.

"ಹದಿನೈದು ದಿನ ಓಡ್ತು ಅಕ್ಕ. ನಡುನಡುವೆ ನಿಲ್ಲೋದು, ತಣ್ಣಗಾದ ಮೇಲೆ ತಾನೇ ಶುರುವಾಗೋದು. ನಿನ್ನೆ ಮಧ್ಯಾಹ್ನ ಪೂರ್ತಿ ನಿಂತುಹೋಯ್ತು" ಎಂದ ಅವನು, ಚೀಲದ ಬಾಯಿ ಬಿಚ್ಚುತ್ತಾ, "ಒಂದು ಹುಡುಗಿ ಬಿದ್ದುಬಿಟ್ಟಳು" ಎಂದ.

ಆ ಶಾಲೆಯ ಅಂಗಳದ ನಡುವೆ ಮೊಣಕಾಲೆತ್ತರದ ಕಲ್ಲುಕಟ್ಟೆಯ ಕೊಳವಿದೆ, ಅದರಲ್ಲಿ ಕಾರಂಜಿ. ಅದು ಅಂದಕ್ಕಲ್ಲ. ನೀರಿನ ಸದ್ದು ಬಲಗಿವಿಗೆ ಬಿದ್ದರೆ ಊಟದ ಕೋಣೆಯ ದಾರಿ, ಎಡಗಿವಿಗೆ ಬಿದ್ದರೆ ತರಗತಿಯ ದಾರಿ. ಮಕ್ಕಳು ಗೋಡೆ ಮುಟ್ಟದೆ ಓಡುವ ಜಾಗ ಅದೊಂದೇ. ನಿನ್ನೆ ಸದ್ದಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ಯಾವತ್ತಿನಂತೆ ಓಡಿ ಬಂದವಳು ಕಟ್ಟೆಗೆ ಎಡವಿ, ಮುಖ ಕಲ್ಲಿಗೆ ಬಡಿದು, ಮುಂದಿನ ಎರಡು ಹಲ್ಲು ಮುರಿದುಕೊಂಡಿದ್ದಳು.

ಸಿಡಿಮಿಡಿ ಅಕ್ಕ ಪಂಪನ್ನು ಚೀಲದಿಂದ ಎಳೆದಳು. ತಗ್ಗಿನ ಕೋಣೆಗಳಲ್ಲಿ ತುಂಬಿದ ನೀರನ್ನು ಹೊರಗೆ ಹಾಕುವ ಪಂಪು ಅದು. ಗಟ್ಟಿ ಆಳೇ, ಆದರೆ ಅರ್ಧ ಗಂಟೆಯ ಆಳು. ಮೈಪೂರ್ತಿ ಮುಳುಗಿದ್ದರೆ ಮಾತ್ರ ತಣ್ಣಗಿರುತ್ತದೆ. ಆ ಕೊಳದ ನೀರು ಒಂದು ಗೇಣು ಆಳ, ಪಂಪಿನ ತಲೆ ಹೊರಗೇ ಉಳಿದಿರುತ್ತದೆ. ಹದಿನೈದು ದಿನ ಅದು ತನ್ನ ಬಿಸಿಯಲ್ಲಿ ತಾನೇ ಬೆಂದಿತ್ತು. ಇಂಥದನ್ನು ಯಾವ ಬುದ್ಧಿಗೇಡಿ ಕೊಟ್ಟ ಎಂದು ಬೈಯಲು ಬಾಯಿ ತೆರೆದವಳು ಬೋಲ್ಟಿನ ತಲೆ ನೋಡಿ ಹಾಗೇ ನಿಂತಳು. ಅಲ್ಲಿ ಹಸಿರು ಬೊಟ್ಟಿತ್ತು.

ಅಂಗಾಲಿನ ಉರಿ ನೆತ್ತಿಗೇರಿತು. ಪಂಪನ್ನು ಮಗುವಿನಂತೆ ಕಂಕುಳಲ್ಲಿ ಇರುಕಿಕೊಂಡು ಮುಂಭಾಗಕ್ಕೆ ನುಗ್ಗಿ, ಅಣ್ಣನ ಗಾಜಿನ ಶೋಕೇಸಿನ ಮೇಲೆ ದಡ್ಡನೆ ಇಟ್ಟಳು. ಗಾಜು ಒಡೆಯಲಿಲ್ಲ, ಒಡೆಯಬೇಕಿತ್ತು.

"ಈ ಬೊಟ್ಟು ಯಾರಿಟ್ಟದ್ದು?"

ಅಣ್ಣ ಪಂಪು ನೋಡಿದ, ಬಾಗಿಲು ನೋಡಿದ, ತಂಗಿಯ ಮುಖ ಮಾತ್ರ ನೋಡಲಿಲ್ಲ. "ನೀನೆಲ್ಲಿದ್ದೆ ಆಗ? ಮುನಿಸಿಕೊಂಡು ಎಂಟು ದಿನ ಮನೇಲಿ ಕೂತಿದ್ದೆ. ಶಾಲೆಯವರು ಬಂದು ಇವತ್ತೇ ಬೇಕು ಅಂದ್ರು. ಬಣ್ಣದ ಡಬ್ಬಿ ಇಲ್ಲೇ ಇತ್ತು."

"ಡಬ್ಬಿ ಇತ್ತು ಅಂತ ಬಳಿದುಬಿಡೋದಾ? ನಾಳೆ ಡಾಕ್ಟರ ಸೀಲು ಸಿಕ್ಕಿದ್ರೆ ಆಪರೇಷನ್ನೂ ಮಾಡ್ತೀಯಾ?"

"ಒಂದು ಬೊಟ್ಟು ತಾನೇ..."

"ಎರಡು ಹಲ್ಲು ಅಣ್ಣಾ! ಎರಡು ಹಲ್ಲು!"

ಆ ಎಂಟು ದಿನದ ಮುನಿಸಿಗೂ ಕಾರಣವಿತ್ತು. ಈ ಹಾಳು ಶೋಕೇಸಿಗೆ ಜಾಗ ಬೇಕೆಂದು ಅಣ್ಣ ಅವಳ ಡ್ರಮ್ಮನ್ನು ಹೇಳದೆ ಕೇಳದೆ ಹಿತ್ತಿಲಿನ ಬಿಸಿಲಿಗೆ ತಳ್ಳಿದ್ದ. 'ಇನ್ನು ನಿನ್ನ ಅಂಗಡಿಯ ಹೊಸಿಲು ತುಳಿದರೆ ಕೇಳು' ಎಂದು ಅವಳು ಹೋಗಿದ್ದಳು. ಒಂಬತ್ತನೆಯ ದಿನ ಅತ್ತಿಗೆ ಬಂದು ಕರೆದದ್ದಕ್ಕೆ ತಿರುಗಿ ಬಂದಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೆ ಎನ್ನುತ್ತಾರೆ. ಇಲ್ಲಿ ಹೋದದ್ದು ಅವಳ ಮೂಗಲ್ಲ, ಆ ಹುಡುಗಿಯ ಹಲ್ಲು, ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಅಣ್ಣ ದನಿ ತಗ್ಗಿಸಿದ. "ನೋಡಮ್ಮ, ಆಗಿದ್ದು ಆಗಿಹೋಯ್ತು. ನೀನೇ ಹೋಗು. ಕರೆಂಟು ಏರುಪೇರಾಗಿ ಸುಟ್ಟಿದೆ ಅಂತ ಒಂದು ಮಾತು ಹೇಳು. ನಾನು ಹೇಳಿದ್ರೆ ನಂಬಲ್ಲ, ನೀನು ಹೇಳಿದ್ರೆ ನಂಬ್ತಾರೆ. ಇಲ್ಲದಿದ್ರೆ ನಿನ್ನ ಹೆಸರೇ ಹಾಳಾಗೋದು, ಯೋಚನೆ ಮಾಡು."

ಬೊಟ್ಟು ಕದ್ದದ್ದು ಸಾಲದು ಎಂದು ಈಗ ನಾಲಿಗೆಯನ್ನೂ ಕೇಳುತ್ತಿದ್ದ! ಅವಳು ಪಂಪನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ದಾರಿಯುದ್ದಕ್ಕೂ ಅಡ್ಡ ಬಂದ ಸೈಕಲ್ಲಿಗೂ, ಹಾರ್ನ್ ಹೊಡೆದ ಆಟೋಗೂ, ಹಿಂದೆ ಬರುತ್ತಿದ್ದ ವಾಚ್‌ಮನ್ನಿಗೂ ಅವಳ ಬೈಗುಳ ಸಮಪಾಲಾಗಿ ಸಿಕ್ಕಿತು. ಆದರೆ ಒಳಗೊಳಗೆ ಭಯವಿತ್ತು. ನಿಜ ಹೇಳಿದರೆ ಮೂವತ್ತು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಕರೆಂಟಿನ ಮೇಲೆ ಹೊರಿಸಿದರೆ ಉಳಿಯುತ್ತದೆ. ಕರೆಂಟಿಗೇನು ಬಾಯಿ ಇದೆಯೇ, ಎದುರು ಮಾತಾಡಲು?

ಶಾಲೆಯ ಅಂಗಳದಲ್ಲಿ ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು, ಗೋಡೆ ಸವರಿಕೊಂಡು ಸಾಲಾಗಿ ನಡೆಯುತ್ತಿದ್ದರು. ಯಾರೂ ಓಡುತ್ತಿರಲಿಲ್ಲ. ಕರೆಂಟು ಎಂಬ ಮಾತು ಅವಳ ಗಂಟಲಿನಿಂದ ಅಲ್ಲೇ ಕೆಳಗಿಳಿಯಿತು.

ಹೆಡ್‌ಮಿಸ್ಸು ಕೋಣೆಯಿಂದ ಹೊರಗೆ ಬಂದರು. ಅವಳು ಪಂಪನ್ನು ಕಟ್ಟೆಯ ಮೇಲಿಟ್ಟು, ಜಗಳಕ್ಕೆ ನಿಂತವಳ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು. "ಇದು ಕಾರಂಜಿಯ ಪಂಪೇ ಅಲ್ಲ ಮೇಡಂ. ನಾನು ಇದನ್ನ ನೋಡಿಲ್ಲ, ಓಡಿಸಿಲ್ಲ, ಕೇಳಿಲ್ಲ. ಬೊಟ್ಟು ನನ್ನದು, ಇಟ್ಟ ಕೈ ನನ್ನದಲ್ಲ. ಡಬ್ಬಿ ಸಿಗೋ ಹಾಗೆ ಬಿಟ್ಟು ಹೋಗಿದ್ದು ನಾನೇ. ಕರೆಂಟಿನ ತಪ್ಪು ಏನೂ ಇಲ್ಲ."

ಹೆಡ್‌ಮಿಸ್ಸು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಿಜ ಹೇಳಿದ್ರಲ್ಲ, ಸಂತೋಷ. ಇನ್ನು ನಿಮ್ಮ ಅಂಗಡಿಯಿಂದ ಒಂದು ಮೊಳೆನೂ ತರಿಸಲ್ಲ" ಎಂದು ಒಳಗೆ ಹೋದರು.

ಕಟ್ಟೆಯ ಇನ್ನೊಂದು ತುದಿಯಲ್ಲಿ ಸಂಗೀತದ ಮೇಷ್ಟ್ರು ಕೂತಿದ್ದರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ. ಮಕ್ಕಳ ಸಾಲು ದಾಟುವವರೆಗೆ ಅಲ್ಲಿ ಕೂತು ಚಪ್ಪಾಳೆ ತಟ್ಟುತ್ತಾ ದಿಕ್ಕು ತೋರಿಸುತ್ತಿದ್ದರು. ಚಪ್ಪಾಳೆ ನಿಲ್ಲಿಸಿ, "ನನಗೆ ಮೊದಲನೇ ದಿನವೇ ಅನುಮಾನ ಬಂದಿತ್ತಮ್ಮ" ಎಂದರು.

"ಏನಂತ?"

"ಹಳೇ ಪಂಪು ಬೆಳಗಿಂದ ಸಂಜೆವರೆಗೂ ಒಂದೇ ಶ್ರುತಿಯಲ್ಲಿ ಇರ್ತಿತ್ತು. ಇದು ಮಧ್ಯಾಹ್ನ ಆಗೋ ಹೊತ್ತಿಗೆ ಉಬ್ಬಸ ಬಂದವರ ಹಾಗೆ ಎಳೀತಿತ್ತು. ಒಳಗೆ ಏನೋ ಬೇಯ್ತಿದೆ ಅನ್ನಿಸ್ತು."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ರಿ? ಹದಿನೈದು ದಿನ! ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಅವಳ ಕೂಗಿಗೆ ಮಕ್ಕಳ ಸಾಲು ನಿಂತಲ್ಲೇ ನಿಂತಿತು.

ಮೇಷ್ಟ್ರು ಬೇಸರಿಸಿಕೊಳ್ಳಲಿಲ್ಲ. "ಆಫೀಸಿನವರಿಗೆ ಹೇಳಿದ್ದೆ. ಹಸಿರು ಬೊಟ್ಟಿದೆ ಮೇಷ್ಟ್ರೇ, ಆ ಅಕ್ಕ ಮೂರು ದಿನ ಕೇಳಿ ಕಳಿಸಿರ್ತಾರೆ ಅಂದ್ರು. ಅವರಿಗಿಂತ ನಿನ್ನ ಕಿವಿ ದೊಡ್ಡದಾ ಅಂತ ನನ್ನನ್ನೇ ಬೈಕೊಂಡು ಸುಮ್ಮನಾದೆ."

ಬೆಳಿಗ್ಗೆಯಿಂದ ಕಂಡಕಂಡವರ ಮೇಲೆ ಹರಿಹಾಯ್ದವಳಿಗೆ ಈಗ ಬೈಯಲು ಯಾರೂ ಉಳಿಯಲಿಲ್ಲ. ಅವರ ಪಕ್ಕದಲ್ಲೇ ಕೂತಳು. ಮಾತು ಆಗಲೂ ಸಿಟ್ಟಿನಲ್ಲೇ ಬಂತು.

"ಇನ್ನೊಂದು ಸಲ ನನ್ನ ಹೆಸರು ಹೇಳಿ ಯಾರಾದರೂ ನಿಮ್ಮ ಬಾಯಿ ಮುಚ್ಚಿಸೋಕೆ ಬಂದ್ರೆ ಮುಚ್ಚಬೇಡಿ ಮೇಷ್ಟ್ರೇ. ನಾನೇ ಬಂದು ಮುಚ್ಚಿಸಿದ್ರೂ ಮುಚ್ಚಬೇಡಿ."