ಹಿತ್ತಾಳೆ ಬೆಸುಗೆಯ ಸಾಬರು

ಅವರಿಗೆ ಹುಬ್ಬುಗಳೇ ಇರಲಿಲ್ಲ. ಮೂವತ್ತು ವರ್ಷ ಬೆಂಕಿಯ ಮುಂದೆ ಬಗ್ಗಿ ಬಗ್ಗಿ ಸುಟ್ಟುಹೋಗಿದ್ದವು. ಅದರಿಂದ ಮುಖದಲ್ಲಿ ಸದಾ ಒಂದು ಮಗುವಿನ ಸರ್‌ಪ್ರೈಸ್. "ಏಮಿ ಸಾಬ್ರೇ, ಹುಬ್ಬೂ ಬೆಸುಗೆಗೆ ಹಾಕ್ಬುಟ್ರಾ?" ಎಂದು ಪಾವಗಡದ ಗಿರಾಕಿಯೊಬ್ಬ ರೇಗಿಸಿದರೆ, "ಹಾಕ್ದೆ ಕಣಪ್ಪ. ನಿನ್ ಮೀಸೆನೂ ಕೊಡು, ಇನ್ನೂ ಗಟ್ಟಿಯಾಯ್ತದೆ" ಅನ್ನುತ್ತಿದ್ದರು.

ಶಿರಾದ ಸೈಕಲ್ ಸಾಬರು. ಮಧುಗಿರಿ, ಕೊರಟಗೆರೆಯಿಂದಲೂ ಜನ ಬಸ್ಸಿನ ಟಾಪ್ ಮೇಲೆ ಹಳೆಯ ಫ್ರೇಮುಗಳನ್ನು ಹಾಕಿಕೊಂಡು ಅವರಲ್ಲಿಗೆ ಬರುತ್ತಿದ್ದರು. ಆ ಕಾಲದ ಸೈಕಲ್ಲುಗಳಲ್ಲಿ ಕೊಳವೆಗಳ ತುದಿಗಳು ಉಕ್ಕಿನ ಒಂದು ಗಿಡ್ಡ ಕವಚದೊಳಗೆ ಕೂತಿರುತ್ತಿದ್ದವು. ಅದಕ್ಕೆ ಲಗ್ ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನನಗೆ ಆ ಇಂಗ್ಲಿಷ್ ಪದ ಕಲಿಸಿದವರು ಸಾಬರೇ. ಹಿತ್ತಾಳೆ ತಂತಿಯ ಉಂಗುರವನ್ನು ಲಗ್ಗಿನ ಒಳಗೇ ಇಟ್ಟು, ಹಿತ್ತಾಳೆ ಸರಾಗವಾಗಿ ಹರಿಯಲೆಂದು ಬಿಳಿಗಾರ ಬಳಿದು, ಹೊರಗಿನಿಂದ ಕಾಯಿಸುವರು. ಉಕ್ಕು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹಿತ್ತಾಳೆ ಕರಗಿ, ಸಂದಿಯಲ್ಲೆಲ್ಲ ಹರಿದು, ಅಂಚಿನಲ್ಲಿ ಚಿನ್ನದ ಗೆರೆಯಾಗಿ ಮೂಡುತ್ತಿತ್ತು. "ನೋಡಿ ಮೇಡಂ, ಇಣುಕ್ತಾ ಅವ್ಳೆ!" ಎಂದು ಮದುಮಗಳನ್ನು ಕಂಡವರಂತೆ ಹಿಗ್ಗುವರು. ವೆಲ್ಡಿಂಗ್ ಅಂದರೆ ಮಾತ್ರ ಮುಖ ಗಂಟು. "ಅದು ತೆಳ್ಳಗಿರೋ ಪೈಪನ್ನ ಸುಟ್ಟಾಕ್ತದೆ. ನಂದು ಎರಡನ್ನೂ ಒಪ್ಸಿ ಕೂರಿಸ್ತದೆ."

ಅಪ್ಪ ಕೊಡಿಸಿದ ನನ್ನ ಲೇಡೀಸ್ ಸೈಕಲ್ ಇಂಗ್ಲೆಂಡಿನದು. ಅದರ ಒಂದು ಕೊಳವೆ ಲಗ್ಗಿನಿಂದ ಬಿಟ್ಟುಕೊಂಡಾಗ ಸಾಬರಲ್ಲಿಗೆ ಒಯ್ದೆ. ಬೆಸುಗೆ ಮುಗಿಸಿ, ಕೀಲಿನ ಮೇಲೆ ಬೂದಿ ಮುಚ್ಚಿ, ನಮಾಜಿಗೆ ಹೊರಟರು. "ತಾನಾಗೇ ತಣ್ಣಗಾಗ್ಲಿ ಮೇಡಂ. ನೀರು ಮಾತ್ರ ಸೋಕಿಸ್ಬ್ಯಾಡಿ, ಒಳಗೇ ಸೀಳ್ತದೆ."

ನಾನು ಟೀಚರ್, ಅಂದು ಸ್ಕೂಲಿನಲ್ಲಿ ಇನ್‌ಸ್ಪೆಕ್ಷನ್. ಹತ್ತೇ ನಿಮಿಷಕ್ಕೆ ನನ್ನ ಪೇಷನ್ಸ್ ಮುಗಿಯಿತು. ಅಂಗಡಿಯ ಮಡಕೆಯಿಂದ ಒಂದು ಚೊಂಬು ನೀರು ಹೊಯ್ದೆ. ಚುಂಯ್ ಅಂತು. ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಂಡಿತು. ಸಾಬರು ವಾಪಸಾಗುವ ಮುಂಚೆಯೇ ಹತ್ತಿ ಹೊರಟೆ.

ಎಂಟನೆಯ ದಿನ ಸ್ಕೂಲ್ ಗೇಟಿನ ಮುಂದೆ ಆ ಕೀಲೇ ಮುರಿದು ಬಿದ್ದೆ. ಮೊಣಕೈ ಫ್ರ್ಯಾಕ್ಚರ್. ಸುದ್ದಿ ಕೇಳಿ ಸಾಬರು ಓಡಿಬಂದರು. ಮುರಿದ ಕೀಲನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಮೇಡಂ, ನೀರೇನಾದ್ರೂ ಬಿತ್ತಾ?"

ಸುತ್ತ ಟೀಚರುಗಳು, ಮಕ್ಕಳು. "ನೋ, ನೋ" ಅಂದೆ. "ನೀವು ಅಷ್ಟು ಹೇಳಿದ ಮೇಲೂ ಹಾಕ್ತೀನಾ?"

ಅವರು ನಂಬಿಬಿಟ್ಟರು. ವಾದಿಸಿದ್ದರೆ ನಾನೂ ಜಗಳವಾಡಿ ಮರೆಯುತ್ತಿದ್ದೆನೇನೋ. "ಹಂಗಾದ್ರೆ ನನ್ ಕೈಯೇ ಹೋಯ್ತು" ಎಂದು ಅಂಗೈ ನೋಡಿಕೊಂಡರು. ಆ ವಾರವೇ ಬೆಸುಗೆಯ ಗ್ಯಾಸ್ ಟಾರ್ಚ್ ಮಾರಿದರು. ಆಮೇಲೆ ಬರೀ ಪಂಕ್ಚರ್, ಬ್ರೇಕು. ಫ್ರೇಮು ಹೊತ್ತು ಬಂದವರನ್ನು ಬಸ್ ಸ್ಟ್ಯಾಂಡಿನ ವೆಲ್ಡಿಂಗ್ ಅಂಗಡಿಗೆ ತಾವೇ ದಾರಿ ತೋರಿಸಿ ಕಳಿಸುವರು.

ಕನ್ಫೆಷನ್ ಅಂದರೇನು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಚೆನ್ನಾಗಿಯೇ ಹೇಳಿಕೊಟ್ಟಿದ್ದರು. ಆದರೂ ಎಷ್ಟೋ ಸಲ ಅಂಗಡಿಯ ಮುಂದೆ ನಿಂತು, ಟೈರಿಗೆ ಗಾಳಿ ಹಾಕಿಸಿಕೊಂಡು ವಾಪಸು ಬಂದೆ. ಹೋದ ವರ್ಷ ಅವರು ಹಾಸಿಗೆ ಹಿಡಿದರೆಂದು ಕೇಳಿ, ಮನಸ್ಸು ಗಟ್ಟಿ ಮಾಡಿ ಮನೆಗೇ ಹೋದೆ. ಅವರ ಬೀಬಿ ಕುರ್ಚಿ ಒರೆಸಿ ಕೂರಿಸಿ ಚಾ ಕೊಟ್ಟರು.

"ಸಾಬ್ರೇ, ಆ ಸೈಕಲ್ ವಿಷಯ..." ಎಂದು ಶುರುಮಾಡಿದೆ.

ಅವರು ಕೈಯೆತ್ತಿ ತಡೆದರು. "ಅದನ್ನ ಮರೀತೀನಾ ಮೇಡಂ? ನಿಮ್ ಕೈ ಮುರ್ದು ನನ್ಗೆ ಬುದ್ಧಿ ಬಂತು. ಕೆಲ್ಸ ನಿಲ್ಲಿಸ್ದೆ ಹೋಗಿದ್ರೆ ಯಾವ ಮಗು ತಲೆ ಒಡ್ಕತಿತ್ತೋ. ಆ ಪಾಪ ತಪ್ಪಿಸಿದ್ರಿ." ಬೀಬಿಯತ್ತ ತಿರುಗಿ, "ಒಂದಿನ ಬೈಲಿಲ್ಲ ಕಣೆ ಈಯಮ್ಮ. ನನ್ ತಪ್ಪು ಮಾಫ್ ಮಾಡ್ಬುಟ್ರು" ಅಂದರು.

ನಾನು ಚಾ ಕುಡಿದೆ. "ಇಟ್ಸ್ ಆಲ್ ರೈಟ್, ಸಾಬ್ರೇ" ಅಂದೆ.

ಅದಾದ ಮೇಲಿನ ಶುಕ್ರವಾರ ಅವರು ತೀರಿಕೊಂಡರು, ನನ್ನಿಂದ ಕ್ಷಮೆ ಪಡೆದುಕೊಂಡು.